ಕಿನ್ನಾಳದ ಆ ಹಿರಿಯರಿಗೆ

ಅಜ್ಜಿಯ ಕಾಲದ ನಮ್ಮ ಬಣ್ಣದ ತೊಟ್ಟಿಲನ್ನು ಕಳೆದ ತಿಂಗಳು ಕೊಪ್ಪಳದಿಂದ, ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳಕ್ಕೆ ಒಯ್ದಾಗ, ತಮ್ಮ ಹೆಸರನ್ನೂ ಹೇಳದೆ ಎರಡು ದಿನ ಕುಳಿತು ಅದನ್ನು ಸರಿಪಡಿಸಿಕೊಟ್ಟ ಚಿತ್ರಗಾರ ಹಿರಿಯರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ. ತೊಟ್ಟಿಲ ಮೇಲಿನ ಮರದ ಗಿಳಿಯ ಬಿರುಕು ಬಿಟ್ಟಿದ್ದ ಕೊರಳಿಗೆ ಅವರು ಪೇಟೆಯ ಅಂಟನ್ನು ಮುಟ್ಟಿಸಲಿಲ್ಲ. ಹುಣಸೆಬೀಜದ ಸರಿಯಲ್ಲಿ ಮರದ ಹೊಟ್ಟು ಕಲಸಿದ ಕಿಟ್ಟವನ್ನು ಹೆಬ್ಬೆರಳಿನಿಂದ ಒತ್ತಿ, ಒಣಗಿದ ಮೇಲೆ ಉಜ್ಜಿ, ಹಳೆಯ ಹಸಿರಿಗೆ ಹೊಂದುವ ಹಸಿರು ಸಿಗುವವರೆಗೆ ಮೂರು ಬಾರಿ ಬಣ್ಣ ಬೆರೆಸಿದರು. ತೊಟ್ಟಿಲ ಒಳಬದಿಯಲ್ಲಿ, ಮಲಗಿದ ಮಗುವಿಗಲ್ಲದೆ ಬೇರೆ ಯಾರಿಗೂ ಕಾಣದ ಕಡೆ, ಹಿಂದಿನವರು ಬರೆದಿದ್ದ ಸಣ್ಣ ಬಳ್ಳಿಯನ್ನು ನನಗೆ ತೋರಿಸಿದವರೂ ಅವರೇ. (ಇಷ್ಟು ವರ್ಷ ನಾವು ಅದರಲ್ಲಿ ಹಳೆಯ ಪತ್ರಿಕೆಗಳನ್ನು ತುಂಬಿದ್ದೆವು!) ಕೂಲಿಯೆಂದು ಕೊಟ್ಟದ್ದರಲ್ಲಿ ಬಣ್ಣದ ಖರ್ಚನ್ನಷ್ಟೇ ಇಟ್ಟುಕೊಂಡರು. ಈಗ ಆ ತೊಟ್ಟಿಲಲ್ಲಿ ತಂಗಿಯ ಮಗಳು ಮಲಗಿದ್ದಾಳೆ.