ಅವ್ವನ ಕೈಗೆ ಪುಸ್ತಕ ಬಂತು, ಜೊತೆಗಿದ್ದ ಎಲ್ಲರಿಗೂ ನಮಸ್ಕಾರ

ಕಳೆದ ವಾರ ಕೊನೆಯ ಅಧ್ಯಾಯ ತಿದ್ದಿ ಮುಗಿಸಿದೆ. ನೂರು ವರ್ಷಕ್ಕೂ ಹಳೆಯದಾದ ಒಂದು ಮರಾಠಿ ಕಾದಂಬರಿ ಈಗ ಪೂರ್ತಿ ಕನ್ನಡದಲ್ಲಿದೆ. ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಅವ್ವನ ಕೈಗೆ ಕೊಟ್ಟಿದ್ದೇನೆ. ಇದು ನನ್ನೊಬ್ಬಳಿಂದ ಆದ ಕೆಲಸ ಅಲ್ಲವೇ ಅಲ್ಲ. ಹೆಸರು ಹಾಕಬೇಡ ಅಂತ ಕೆಲವರು ಹೇಳಿದ್ದರಿಂದ ಯಾರ ಹೆಸರನ್ನೂ ಬರೆಯುತ್ತಿಲ್ಲ. ಓದಿದರೆ ಅವರವರ ಪಾಲು ಅವರಿಗೆ ಗೊತ್ತಾಗುತ್ತದೆ.

ಅವ್ವ ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದವಳು. ಮರಾಠಿ ಸರಾಗವಾಗಿ ಮಾತಾಡುತ್ತಾಳೆ. ಆದರೆ ಓದು ಅಂದರೆ ಅವಳಿಗೆ ಕನ್ನಡವೇ. ಎದುರು ಮನೆಯ ಕಾಕು ಮಧ್ಯಾಹ್ನದ ಚಹಾ ಹೊತ್ತಿಗೆ ಈ ಕಾದಂಬರಿಯ ಕಥೆ ಸ್ವಲ್ಪ ಸ್ವಲ್ಪ ಹೇಳುತ್ತಿದ್ದರು. "ಕೇಳಿದ್ದು ಸಾಕಾತು, ನನಗ ನಾನಽ ಓದಬೇಕು ನೋಡು" ಅಂದಳು ಅವ್ವ. ಅಲ್ಲಿಂದ ಶುರುವಾಯಿತು.

ಲೇಖಕರು ತೀರಿಕೊಂಡು ನೂರು ವರ್ಷ ದಾಟಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ಹೋಗಿ 60 ವರ್ಷವಾದ ಮೇಲೆ ಕೃತಿ ಎಲ್ಲರದು. ಹಾಗಾಗಿ ಅನುವಾದಕ್ಕೆ ಅಡ್ಡಿಯಿರಲಿಲ್ಲ. ಮೂಲ ಸಿಕ್ಕಿದ್ದು ಮರಾಠಿ ವಿಕಿಸೋರ್ಸ್ ಅನ್ನುವ ಉಚಿತ ಆನ್‌ಲೈನ್ ಗ್ರಂಥಾಲಯದಲ್ಲಿ. ಅಲ್ಲಿ ಒಂದು ಕಡೆ ಹಳೆಯ ಪುಸ್ತಕದ ಸ್ಕ್ಯಾನ್, ಪಕ್ಕದಲ್ಲೇ ಅದರ ಪಠ್ಯ. ಯಾರೂ ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ಮತ್ತೆ ನೋಡಿದರೆ ಹಸಿರು. ದುಡ್ಡಿಲ್ಲದೆ, ಹೆಸರಿಲ್ಲದೆ ಪುಟ ಪುಟವನ್ನೂ ಹಸಿರು ಮಾಡುತ್ತಾ ಹೋಗುವ ಆ ಮರಾಠಿ ಓದುಗರಿಗೆ ನನ್ನ ಮೊದಲ ನಮಸ್ಕಾರ. ಅವರ ಶ್ರಮ ಇಲ್ಲದಿದ್ದರೆ ನನ್ನ ಕೈಗೆ ಮೂಲವೇ ಸಿಗುತ್ತಿರಲಿಲ್ಲ.

ಎರಡನೆಯದು, ಎಐ (ಕೃತಕ ಬುದ್ಧಿಮತ್ತೆ) ಬಳಸಿ ಅನುವಾದದ ಕರಡು ಮಾಡಿಕೊಡುವ, ಕಾದಂಬರಿಗೆಂದೇ ಮಾಡಿದ ಆನ್‌ಲೈನ್ ಸಾಧನವನ್ನು ಕಟ್ಟಿದವರಿಗೆ. ಇವರ ಬಗ್ಗೆ ಜಾಸ್ತಿ ಹೇಳಬೇಕು.

ಮೊದಲು ನಾನು ಅಧ್ಯಾಯಗಳನ್ನು ಒಂದೊಂದಾಗಿ ಹಾಕುತ್ತಿದ್ದೆ. ಬಟನ್ ಒತ್ತಿ, ಬ್ರೌಸರ್ ತೆರೆದಿಟ್ಟುಕೊಂಡು ಕಾಯಬೇಕು. ಮುಂಬೈನ ಫೋರ್ಟ್‌ನಲ್ಲಿ ನನ್ನ ಆಫೀಸು. ಲೋಕಲ್ ಟ್ರೇನ್‌ನಲ್ಲಿ ಕೂತು ಮೊಬೈಲ್‌ನಲ್ಲಿ ಮಾಡೋಣ ಅಂದರೆ ಸ್ಕ್ರೀನ್ ಲಾಕ್ ಆದ ಕೂಡಲೇ ಕೆಲಸ ನಿಲ್ಲುತ್ತಿತ್ತು. ದಾರಿಯಲ್ಲಿ ನೆಟ್‌ವರ್ಕ್ ಹೋದರೆ ಅರ್ಧ ಅಧ್ಯಾಯ ಅಲ್ಲೇ ಉಳಿಯುತ್ತಿತ್ತು. ರಾತ್ರಿ ಮನೆಗೆ ಬಂದು, ಊಟ ಮುಗಿಸಿ, ಪರದೆ ನೋಡುತ್ತಾ ಸುಮ್ನೆ ಕೂರುವುದೇ ಆಗುತ್ತಿತ್ತು. ತಿದ್ದುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು.

ಬ್ಯಾಕ್‌ಗ್ರೌಂಡ್ ಬ್ಯಾಚ್ ಅನ್ನುವುದು ಒಂದಿದೆ ಅಂತ ತೋರಿಸಿಕೊಟ್ಟವನು ಪಕ್ಕದ ವಿಂಗ್‌ನ ಎಂಜಿನಿಯರಿಂಗ್ ಓದುವ ಹುಡುಗ. ಇಡೀ ಪುಸ್ತಕವನ್ನು ಒಮ್ಮೆಗೇ ಕೊಟ್ಟುಬಿಡಬಹುದು. ಸಾಧನ ಅದನ್ನು ಅಧ್ಯಾಯವಾಗಿ, ಅಧ್ಯಾಯವನ್ನು ಸಣ್ಣ ತುಂಡುಗಳಾಗಿ ಒಡೆದು ಸಾಲಿನಲ್ಲಿ ನಿಲ್ಲಿಸುತ್ತದೆ. ಕೆಲಸ ನಡೆಯುವುದು ಸರ್ವರ್‌ನಲ್ಲಿ, ನನ್ನ ಮೊಬೈಲ್‌ನಲ್ಲಿ ಅಲ್ಲ. ನಾನು ಬ್ರೌಸರ್ ಮುಚ್ಚಿ ಹೋಗಬಹುದು. ಗಿರಣಿಯಲ್ಲಿ ಹೆಸರು ಬರೆದ ಗೋಧಿ ಡಬ್ಬ ಇಟ್ಟು ಬರುತ್ತೇವಲ್ಲ, ಥೇಟ್ ಹಾಗೆ. ಯಾರ ಡಬ್ಬ ಮೊದಲು ಬೀಸಿದರು ಅನ್ನುವುದು ಮುಖ್ಯ ಅಲ್ಲ, ಡಬ್ಬದ ಮೇಲೆ ಹೆಸರಿದ್ದರೆ ಆಯಿತು. ಇಲ್ಲೂ ಪ್ರತಿ ತುಂಡಿಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಹನ್ನೆರಡನೆಯದು ಮೊದಲು ಬಂದು ಮೂರನೆಯದು ಆಮೇಲೆ ಬಂದರೂ ಸಾಧನ ಎಲ್ಲವನ್ನೂ ಅದರದರ ಜಾಗದಲ್ಲಿ ಜೋಡಿಸುತ್ತದೆ.

ಸ್ವಲ್ಪ ಹೊತ್ತಿನಲ್ಲಿ ನಾವು ಕಳಿಸಿದ ಕೋರಿಕೆಗಳು ಮಿತಿ ಮೀರಿದರೆ ಸರ್ವರ್‌ನಿಂದ 429 ಅನ್ನುವ ಸಂಕೇತ ಬರುತ್ತದೆ. ಕೋರಿಕೆ ಜಾಸ್ತಿಯಾಯಿತು, ತಡೆಯಿರಿ ಅಂತ ಅರ್ಥ. ಮೊದಲೆಲ್ಲ ಅದು ಕಂಡರೆ ನಾನೇ ಮತ್ತೆ ಮತ್ತೆ ಬಟನ್ ಒತ್ತುತ್ತಾ ಕೂರಬೇಕಿತ್ತು. ಈಗ ಸಾಧನವೇ ಸ್ವಲ್ಪ ಹೊತ್ತು ಬಿಟ್ಟು, ಆಗದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟು ಮತ್ತೆ ಕೇಳುತ್ತದೆ. ವಿಫಲವಾದ ತುಂಡನ್ನು ಮಾತ್ರ ಮತ್ತೆ ಕಳಿಸುತ್ತದೆ, ಇಡೀ ಪುಸ್ತಕವನ್ನಲ್ಲ. ಇಷ್ಟು ಯೋಚನೆ ಮಾಡಿ ಕಟ್ಟಿದವರು ಯಾರೋ, ಎಲ್ಲಿರುವವರೋ, ಅವರ ಹೊಟ್ಟೆ ತಣ್ಣಗಿರಲಿ.

ದುಡ್ಡಿನ ಮಾತನ್ನೂ ಹೇಳಲೇಬೇಕು. ಎಐ ಮಾದರಿಗಳನ್ನು ಮಾಡುವ ಕಂಪನಿಗಳಾದ ಓಪನ್‌ಎಐ 2024ರ ಏಪ್ರಿಲ್‌ನಲ್ಲಿ, ಆಂಥ್ರೊಪಿಕ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ಯಾಚ್ ಸೌಲಭ್ಯ ತಂದವು. ಉತ್ತರ ತಕ್ಷಣ ಬೇಡ, 24 ಗಂಟೆಯೊಳಗೆ ಬಂದರೆ ಸಾಕು ಅಂದರೆ ಅರ್ಧ ದರ. ಕನ್ನಡದವರಿಗೆ ಇದು ಸಣ್ಣ ವಿಷಯ ಅಲ್ಲ. ಈ ಮಾದರಿಗಳು ಬರಹವನ್ನು ಟೋಕನ್ ಅನ್ನುವ ಪದದ ಚೂರುಗಳಲ್ಲಿ ಎಣಿಸಿ ಬಿಲ್ ಮಾಡುತ್ತವೆ. ಅದೇ ಮಾತನ್ನು ಇಂಗ್ಲಿಷ್‌ನಲ್ಲಿ ಬರೆದರೆ ಕಡಿಮೆ ಟೋಕನ್, ಕನ್ನಡದಲ್ಲಿ ಬರೆದರೆ ಜಾಸ್ತಿ. ಕಂಪ್ಯೂಟರ್ ಒಳಗೆ ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್‌ನಷ್ಟು ಜಾಗ ಸಾಕು. ನಮ್ಮ "ಸ್ತ್ರೀ" ಅನ್ನುವ ಒಂದೇ ಅಕ್ಷರಕ್ಕೆ ಯೂನಿಕೋಡ್‌ನ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಆರು ಸಂಕೇತ, 18 ಬೈಟ್ ಬೇಕು. ನನ್ನಂಥ ಸಂಬಳದವಳು ಸ್ವಂತ ದುಡ್ಡಿನಲ್ಲಿ ಇಡೀ ಕಾದಂಬರಿ ಮಾಡಿಸುವ ಧೈರ್ಯ ಮಾಡಿದ್ದು ಆ ಅರ್ಧ ದರದಿಂದಲೇ.

ನಡುವೆ ಅವ್ವನ ಮಂಡಿ ಆಪರೇಷನ್ ಬಂತು. ಆಸ್ಪತ್ರೆ, ಆಫೀಸು, ಮನೆ ಅಂತ ಓಡಾಡುತ್ತಿದ್ದ ದಿನಗಳು. ಹಿಂದಿನಂತೆ ಕಾಯುತ್ತಾ ಕೂರುವುದಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಬೆಳಿಗ್ಗೆ ಮನೆ ಬಿಡುವ ಮೊದಲು ಮುಂದಿನ ಭಾಗ ಸಾಲಿಗೆ ಹಾಕಿ ಹೋಗುತ್ತಿದ್ದೆ. ರಾತ್ರಿ ಅವ್ವನ ಮಂಚದ ಪಕ್ಕ ಕೂತಾಗ ಕರಡು ಸಿದ್ಧ ಇರುತ್ತಿತ್ತು. ನಾನು ಮೆಲ್ಲಗೆ ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನೋವಿದ್ದರೂ "ಮುಂದ ಏನಾತು?" ಅನ್ನುವುದು ತಪ್ಪುತ್ತಿರಲಿಲ್ಲ. ಆ ವಾರ್ಡಿನ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಕಾರವಾರದವರು, ಅವರೂ ಬಿಡುವಾದಾಗ ಬಂದು ನಿಲ್ಲುತ್ತಿದ್ದರು. ಅವರಿಗೂ ಥ್ಯಾಂಕ್ಸ್. ನನಗೆ ಚಹಾ ತರಿಸಿಕೊಟ್ಟಿದ್ದಕ್ಕೆ, ಅವ್ವನ ಜೊತೆ ಕನ್ನಡದಲ್ಲಿ ಮಾತಾಡಿದ್ದಕ್ಕೆ.

ಕರಡು ಅಂದೆ, ಅದು ಕರಡೇ. ಬ್ಯಾಚ್‌ನಲ್ಲಿ ತುಂಡುಗಳೆಲ್ಲ ಬೇರೆ ಬೇರೆಯಾಗಿ ನಡೆಯುತ್ತವೆ. ಹಿಂದಿನ ಅಧ್ಯಾಯದಲ್ಲಿ ಏನಾಯಿತು ಅಂತ ಮುಂದಿನದಕ್ಕೆ ಗೊತ್ತಿರುವುದಿಲ್ಲ. ಒಂದು ಕಡೆ ಸೊಸೆ ಅತ್ತೆಗೆ "ನೀವು" ಅಂದರೆ ಇನ್ನೊಂದು ಕಡೆ "ನೀನು" ಅನ್ನುತ್ತಿದ್ದಳು. ಅವ್ವ ಕೇಳಿದ ಕೂಡಲೇ ಹಿಡಿದಳು: "ಅಯ್ಯ, ನಿನ್ನೆ ಇಷ್ಟು ಮರ್ಯಾದಿ ಕೊಡ್ತಿದ್ಲು, ಇವತ್ತ ಏನಾತು ಇಕಿಗೆ?" ಆಮೇಲೆ ಕಾಕು, ಅವ್ವ ಇಬ್ಬರೂ ಕೂತು ಒಂದು ಪಟ್ಟಿ ಮಾಡಿಸಿದರು. ಪಾತ್ರಗಳ ಹೆಸರು, ಯಾರು ಯಾರಿಗೆ ಏನಾಗಬೇಕು, ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಎಲ್ಲ. ಅದನ್ನೂ ಹಿಂದಿನ ಅಧ್ಯಾಯದ ಚಿಕ್ಕ ಸಾರಾಂಶವನ್ನೂ ಪ್ರತಿ ತುಂಡಿನ ಜೊತೆ ಕಳಿಸುವ ಅನುಕೂಲ ಸಾಧನದಲ್ಲಿದೆ. ಅದಾದ ಮೇಲೆ ಗೊಂದಲ ಬಹಳ ಕಡಿಮೆಯಾಯಿತು.

ಕಾಕುಗೆ ನಾನು ಎಷ್ಟು ಹೇಳಿದರೂ ಸಾಲದು. ಹಳೆಯ ಪುಣೆಯ ಮನೆಗಳಲ್ಲಿ ವಿಧವೆಯರ ಬದುಕು ಹೇಗಿತ್ತು, ಯಾವ ಮಾತು ಚುಚ್ಚುವುದು, ಯಾವುದು ಬರೀ ಸಲಿಗೆಯದು ಅಂತ ಅವರು ಹೇಳಿಕೊಟ್ಟ ಮೇಲೆಯೇ ಕೆಲವು ಪುಟಗಳಿಗೆ ಜೀವ ಬಂತು. ಯಂತ್ರ ಕೊಟ್ಟ ಸಾಲು ವ್ಯಾಕರಣದಲ್ಲಿ ಸರಿಯಿದ್ದರೂ, ಆ ಅತ್ತೆ ಹಾಗೆ ಮಾತಾಡುವವಳೇ ಅಲ್ಲ ಅಂತ ಹೇಳಲು ಕಾಕುವೇ ಬೇಕಿತ್ತು. ನಾನು ಓದಿ ಮರಾಠಿಯಲ್ಲಿ ಮತ್ತೆ ಹೇಳುವುದು, ಅವರು ತಲೆ ಅಲ್ಲಾಡಿಸುವುದು, ನಾನು ಬೇರೆ ಥರ ಬರೆಯುವುದು. ಎಷ್ಟೋ ಭಾನುವಾರ ಹೀಗೇ ಹೋಯಿತು. ಅಷ್ಟು ಸಮಾಧಾನ ನನ್ನ ಸ್ವಂತ ಅತ್ತೆ, ಚಿಕ್ಕಮ್ಮಂದಿರಿಗೂ ಇರುತ್ತಿತ್ತೋ ಇಲ್ಲವೋ.

ಲೇಡೀಸ್ ಡಬ್ಬಿಯ ನನ್ನ ಕನ್ನಡ ಗೆಳತಿಯರಿಗೂ ಥ್ಯಾಂಕ್ಸ್. ಕುರ್ಲಾ ಬರುವಷ್ಟರಲ್ಲಿ ಒಂದು ಅಧ್ಯಾಯ ಓದಿ, ತಪ್ಪಿದ್ದ ಕಡೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಡುತ್ತಿದ್ದರು. ಮಂಗಳೂರಿನವರಿಗೂ ಬಿಜಾಪುರದವರಿಗೂ ಒಂದೇ ಸಾಲಿನ ಮೇಲೆ ಜಗಳವಾಗಿದ್ದೂ ಇದೆ. ಇಬ್ಬರಿಗೂ ಒಪ್ಪಿಗೆಯಾಗುವ ಹಾಗೆ ಬರೆದಾಗ ಸಾಲು ನಿಜವಾಗಿ ಚೆನ್ನಾಗಿ ಬಂದಿತ್ತು. ಮಾಟುಂಗಾದಲ್ಲಿ ಸಿಕ್ಕಾಗಲೆಲ್ಲ "ಎಲ್ಲಿಗೆ ಬಂತು?" ಅಂತ ಕೇಳಿದ ಹಿರಿಯರಿಗೂ ನಮಸ್ಕಾರ. ನೀವು ಕೇಳುತ್ತೀರಿ ಅಂತಲೇ ಎಷ್ಟೋ ಸಲ ಕೂತು ಬರೆದೆ.

ಪಿಡಿಎಫ್ ಸಿದ್ಧ ಇದೆ. ಬೇಕಾದವರು ಹೇಳಿ, ಕಳಿಸುತ್ತೇನೆ, ದುಡ್ಡು ಬೇಡ. ಅವ್ವನಿಗೆಂದು ಮಾಡಿದ ದೊಡ್ಡ ಅಕ್ಷರದ ಪ್ರತಿ ಬೇಕೋ, ಮಾಮೂಲಿಯದು ಸಾಕೋ ಅದನ್ನೂ ತಿಳಿಸಿ. ಓದುವಾಗ ಎಲ್ಲಾದರೂ ಸಾಲು ಎಡವಿದರೆ ಪುಟ ಸಂಖ್ಯೆ ಬರೆದು ಕಳಿಸಿ, ಮುಂದಿನ ಪ್ರಿಂಟ್‌ಗೆ ಮೊದಲು ತಿದ್ದುತ್ತೇನೆ.