ಇನ್ನು ಟೆಂಪೊ ಬರುವುದಿಲ್ಲ, ಗಂಟೆ ಕೇಳಿಸುತ್ತದೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಸರಸ್ವತಿಪುರಂನ ಅಮ್ಮ ಒಬ್ಬರು ಕೊತ್ತಂಬರಿ ಕಟ್ಟು ವಾಪಸ್ ಕೊಟ್ಟರು. "ಸೊಪ್ಪೇನೋ ಚೆನ್ನಾಗಿದೆ, ಒಂದ್ಸಲ ಮೂಸಿ ನೋಡಿ" ಅಂದರು. ಡೀಸೆಲ್ ವಾಸನೆ! ಔಷಧಿ ಹೊಡೆಯದೆ ಬೆಳೆದ ಸೊಪ್ಪು. ಅದಕ್ಕೆ ದಾರಿಯುದ್ದಕ್ಕೂ ನಾವೇ ಹೊಗೆ ಕುಡಿಸಿದ್ದೆವು. ನಿಜಕ್ಕೂ ನಾಚಿಕೆಯಾಯಿತು.

ಹಾಗಾಗಿ ಮುಂದಿನ ತಿಂಗಳ 1ರಿಂದ ಮೈಸೂರಿನೊಳಗೆ ನಮ್ಮ ಟೆಂಪೊ ಮನೆ ಮನೆ ಸುತ್ತುವುದಿಲ್ಲ. ಎರಡು ಎಲೆಕ್ಟ್ರಿಕ್ ಗೂಡ್ಸ್ ಆಟೊ ತಂದಿದ್ದೇವೆ. ಗೋಡೌನ್ ಹತ್ತಿರದ ಬೀದಿಗಳಿಗೆ ಸೈಕಲ್ ಸಾಕು. ನಂಜನಗೂಡು ಕಡೆಯ ತೋಟಗಳಿಂದ ಗೋಡೌನ್‌ವರೆಗೆ ಮಾತ್ರ ಟೆಂಪೊ ಇನ್ನೂ ಬೇಕು. ಅಷ್ಟು ಭಾರ ಈ ಆಟೊಗಳು ಹೊರಲಾರವು.

ಊರೊಳಗೆ ಸುತ್ತುವುದಕ್ಕೇ ದಿನಕ್ಕೆ 9 ಲೀಟರ್ ಡೀಸೆಲ್ ಹೋಗುತ್ತಿತ್ತು. ಒಂದು ಲೀಟರ್ ಉರಿದರೆ ಗಾಳಿಯ ಆಮ್ಲಜನಕವೂ ಸೇರಿ ಸುಮಾರು 2.6 ಕೆಜಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಲೆಕ್ಕ ಹಾಕಿದರೆ ದಿನಕ್ಕೊಂದು ಅಕ್ಕಿ ಚೀಲದ ತೂಕ. ಅದು ಕಣ್ಣಿಗೆ ಕಾಣುವುದಿಲ್ಲ, ಬಿಡಿ. ಕಾಣುವುದು ಬೇರೆ. ನಿಮ್ಮ ಚೀಲ ಹುಡುಕುವಾಗ ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಪಕ್ಕದಲ್ಲೇ ಸ್ಕೂಲ್ ವ್ಯಾನ್‌ಗೆ ಕಾಯುವ ಮಕ್ಕಳು. ಸೈಲೆನ್ಸರ್ ಸರಿಯಾಗಿ ಅವರ ಮೂಗಿನ ಎತ್ತರಕ್ಕೆ.

"ಕರೆಂಟೂ ಕಲ್ಲಿದ್ದಲಿಂದಲೇ ಬರೋದು ಅಲ್ವಾ?" ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ರಾಯಚೂರಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆ. ಜೊತೆಗೆ ಶರಾವತಿಯ ನೀರಿದೆ, ಚಿತ್ರದುರ್ಗದ ಗಾಳಿಯಿದೆ, ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅದಕ್ಕೇ ನಾವು ಚಾರ್ಜ್‌ಗೆ ಹಾಕುವುದು ಮಧ್ಯಾಹ್ನ, ಬಿಸಿಲಿನ ಕರೆಂಟ್ ಜಾಸ್ತಿ ಇರುವ ಹೊತ್ತಿನಲ್ಲಿ. ಇನ್ನು ಗೇಟಿನ ಮುಂದೆ ನಿಂತಾಗ ಮೋಟರ್ ಸುಮ್ನಿರುತ್ತದೆ, ಏನನ್ನೂ ಉರಿಸುವುದಿಲ್ಲ.

ನಿಮಗೆ ಆಗುವ ಬದಲಾವಣೆ ಇಷ್ಟು. ದಿನಾ ಬರುವುದಿಲ್ಲ. ಕುವೆಂಪುನಗರ, ಸರಸ್ವತಿಪುರಂಗೆ ಸೋಮವಾರ ಮತ್ತು ಗುರುವಾರ. ಗೋಕುಲಂ, ಯಾದವಗಿರಿ, ವಿಜಯನಗರಕ್ಕೆ ಮಂಗಳವಾರ ಮತ್ತು ಶುಕ್ರವಾರ. ಹಿಂದಿನ ಸಂಜೆ 6ರೊಳಗೆ ಆರ್ಡರ್ ಹೇಳಿಬಿಡಿ. ಅರ್ಧ ಕೆಜಿ ಬೀನ್ಸ್‌ಗೋಸ್ಕರ ಊರಿನ ಈ ಕೊನೆಯಿಂದ ಆ ಕೊನೆಗೆ ಹೋಗಿದ್ದೂ ಉಂಟು. ಅದು ಎಲೆಕ್ಟ್ರಿಕ್ ಗಾಡಿಯಲ್ಲಾದರೂ ದಂಡವೇ. ಡೆಲಿವರಿ ಚಾರ್ಜ್ ಹೆಚ್ಚಿಸುತ್ತಿಲ್ಲ. ಕಡಿಮೆಯೂ ಮಾಡುತ್ತಿಲ್ಲ, ಯಾಕೆಂದರೆ ಡೀಸೆಲ್‌ನಲ್ಲಿ ಉಳಿದ ದುಡ್ಡು ಸದ್ಯ ಆಟೊ ಸಾಲದ ಕಂತಿಗೆ ಹೋಗುತ್ತದೆ.

ಇನ್ನೊಂದು ಮಾತು. ಟೆಂಪೊ ತಿರುವಿನಲ್ಲಿ ಗುಡುಗುಡು ಅಂದಾಗಲೇ ನೀವು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದಿರಿ. ಈ ಆಟೊಗೆ ಸದ್ದೇ ಇಲ್ಲ. ಮೊದಲ ದಿನ ಓಡಿಸಿ ನೋಡಿದಾಗ ನಮ್ಮ ಡ್ರೈವರಣ್ಣ ಒಂದು ಮನೆಯ ಮುಂದೆ ಐದು ನಿಮಿಷ ನಿಂತೇ ಇದ್ದರು, ಒಳಗಿದ್ದವರಿಗೆ ಗೊತ್ತೇ ಆಗಲಿಲ್ಲ. ಅದಕ್ಕೆ ಐಸ್‌ಕ್ಯಾಂಡಿ ಗಾಡಿಯವರ ಥರದ ಗಂಟೆ ಕಟ್ಟಿದ್ದೇವೆ. ಮಕ್ಕಳು ಮೋಸ ಹೋಗಿ ಓಡಿ ಬಂದರೆ ಒಂದೊಂದು ಕ್ಯಾರೆಟ್ ನಮ್ಮ ಲೆಕ್ಕದಲ್ಲಿ.

ಇಂತಿ,
ನಿಮ್ಮ ತರಕಾರಿ ಸಂಘದ ಬಳಗ