ಕಲ್ಲಿನಲ್ಲಿ ಉಳಿದ ಮಾತು

ಸದಸ್ಯ ಬಂಧುಗಳೇ,

ಕ್ರಿಸ್‌ಮಸ್ ರಜೆಯ ಒಂದು ದಿನವನ್ನು ನಮ್ಮ ಸಂಘದ ಎರಡು ಕುಟುಂಬಗಳು ಈ ಬಾರಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನ ಪಶ್ಚಿಮ ತುದಿಯಲ್ಲಿ ಕಳೆದೆವು. ನಾಲ್ಕೂವರೆಯೊಳಗೆ ಸೂರ್ಯ ಮುಳುಗುವ ದಿನಗಳಾದ್ದರಿಂದ ಬೆಳಗ್ಗೆ ಬೇಗನೆ ಹೊರಟು, ಕೆಸರಿನ ಹಾದಿ ತುಳಿದು, ಮೊದಲು ಮೆನ್-ಆನ್-ಟೋಲ್ ತಲುಪಿದೆವು. ಇಲ್ಲಿನ ಹಳೆಯ ನುಡಿಯಾದ ಕಾರ್ನಿಷ್ ಭಾಷೆಯಲ್ಲಿ ಈ ಹೆಸರಿಗೆ ತೂತಿನ ಕಲ್ಲು ಎಂದಷ್ಟೇ ಅರ್ಥ. ಎರಡು ಗಿಡ್ಡ ನಿಲಸುಗಲ್ಲುಗಳ ನಡುವೆ, ದೈತ್ಯರ ಬೀಸುಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿದಂತೆ, ನಡುವೆ ದೊಡ್ಡ ತೂತಿರುವ ದುಂಡನೆಯ ಕಲ್ಲೊಂದಿದೆ. ಮೂಳೆ ಸೊಟ್ಟಗಾದ ಮಕ್ಕಳನ್ನು ಇದರೊಳಗಿಂದ ದಾಟಿಸಿದರೆ ಗುಣವಾಗುತ್ತದೆಂಬ ನಂಬಿಕೆ ಇಲ್ಲಿ ಬಹುಕಾಲ ಇತ್ತು. ದಪ್ಪ ಜಾಕೆಟ್ಟಿನ ಗೆಳೆಯರೊಬ್ಬರು ಅರ್ಧ ನುಸುಳಿ ಸಿಕ್ಕಿಕೊಂಡಾಗ, ಹಿಂದಿನಿಂದ ತಳ್ಳಬೇಕೋ ಮುಂದಿನಿಂದ ಎಳೆಯಬೇಕೋ ಎಂಬ ಚರ್ಚೆ ಮಾತ್ರ ಅಚ್ಚಗನ್ನಡದಲ್ಲಿ ನಡೆಯಿತು.

ಅಲ್ಲಿಂದ ಮೆರಿ ಮೇಡನ್ಸ್. ಹೊಲವೊಂದರಲ್ಲಿ 19 ಕಲ್ಲುಗಳು ವೃತ್ತಾಕಾರವಾಗಿ ನಿಂತಿವೆ. ಭಾನುವಾರ ಕುಣಿದ ತಪ್ಪಿಗೆ ಕಲ್ಲಾದ ಹುಡುಗಿಯರಂತೆ. ಭಾನುವಾರವೆಂಬ ಕಟ್ಟಳೆ ಈ ನಾಡಿಗೆ ಬರುವ ಮುನ್ನವೇ ಸಾವಿರಾರು ವರ್ಷ ಆ ಕಲ್ಲುಗಳು ಅಲ್ಲಿದ್ದವೆಂಬುದು ಕಥೆ ಕಟ್ಟಿದವರಿಗೆ ಅಡ್ಡಿಯಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೌಸ್‌ಹೋಲ್ ಎಂದು ಬರೆದು ಮೌಝಲ್ ಎಂದು ಕರೆಯುವ ಮೀನುಗಾರರ ಊರಿಗೆ ಇಳಿದೆವು. ನಾನು ಈ ಪ್ರವಾಸಕ್ಕೆ ಆಸೆಪಟ್ಟದ್ದೇ ಈ ಊರಿನ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸಿನ ಸಲುವಾಗಿ. 1768ರಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸ, ಕಾರ್ನಿಷ್ ಆಡಬಲ್ಲವರು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕುತ್ತ ಈಕೆಯ ಮನೆಬಾಗಿಲಿಗೆ ಬಂದ. ಆ ಭಾಷೆಯಲ್ಲಿ ಮಾತನಾಡಬಲ್ಲವರು ಯಾರೂ ಇಲ್ಲವೆಂದು ಪಂಥ ಕಟ್ಟಿದ್ದೇನೆ ಎಂದು ಆತ ಹೇಳಿದ್ದೇ ತಡ, ಡಾಲಿ ಎರಡು ಮೂರು ನಿಮಿಷ ಬಿಡದೆ ಕಾರ್ನಿಷ್‌ನಲ್ಲಿಯೇ ರೇಗಿದಳು. ಎದುರುಮನೆಯ ಇಬ್ಬರು ಹೆಂಗಸರು ಅದನ್ನು ಕೇಳಿ ನಗುತ್ತಿದ್ದರು. ಡಾಲಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಾದ ಅವರನ್ನು ಬ್ಯಾರಿಂಗ್ಟನ್ ವಿಚಾರಿಸಿದಾಗ, ತಮಗೆ ಅದು ಅರ್ಥವಾಗುತ್ತದೆ, ಆದರೆ ಸರಾಗವಾಗಿ ಆಡಲು ಬಾರದು ಎಂದರಂತೆ. ಡಾಲಿ 1777ರಲ್ಲಿ ತೀರಿಕೊಂಡಳು. ಈ ಪ್ರಸಂಗದಲ್ಲಿ ನನ್ನನ್ನು ಕಾಡುವವಳು ಬೈದ ಡಾಲಿಯಲ್ಲ. ಬೈಗುಳವೆಲ್ಲ ತಿಳಿದು ನಕ್ಕ ಆ ಇಬ್ಬರು. ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಅವರ ಉತ್ತರವನ್ನು ನಾವೆಲ್ಲ ಕೇಳಿಯೇ ಇದ್ದೇವೆ.

ಗುಡ್ಡದ ಮೇಲಿನ ಪಾಲ್ ಎಂಬ ಊರಿನ ಇಗರ್ಜಿಯ ಹೊರಗೋಡೆಯಲ್ಲಿ ಡಾಲಿಯ ಸ್ಮಾರಕದ ಕಲ್ಲಿದೆ. ನೆಪೋಲಿಯನ್ನನ ತಮ್ಮನ ಮಗನೂ ಭಾಷಾಪಂಡಿತನೂ ಆದ ಲೂಯಿ ಲೂಸಿಯೆನ್ ಬೋನಪಾರ್ಟ್, ಅಲ್ಲಿನ ಪಾದ್ರಿಯೊಂದಿಗೆ ಸೇರಿ 1860ರಲ್ಲಿ ಇಡಿಸಿದ್ದು. ತಂದೆತಾಯಿಯರನ್ನು ಗೌರವಿಸು ಎಂಬ ಬೈಬಲ್ಲಿನ ಆಜ್ಞೆಯನ್ನು ಅದರಲ್ಲಿ ಇಂಗ್ಲಿಷ್, ಕಾರ್ನಿಷ್ ಎರಡೂ ಭಾಷೆಗಳಲ್ಲಿ ಕೆತ್ತಿದ್ದಾರೆ. ಬ್ರಿಟಿಷ್ ಸರ್ಕಾರ 2002ರಲ್ಲಿ ಕಾರ್ನಿಷ್‌ಗೆ ಮಾನ್ಯತೆ ನೀಡಿದೆ. ಪುಸ್ತಕಗಳಿಂದ ಅದನ್ನು ಮತ್ತೆ ಕಲಿತು ಆಡುವವರು ಇಂದು ಇದ್ದಾರೆ, ಬೀದಿಗಳ ಹೆಸರುಫಲಕಗಳಲ್ಲಿಯೂ ಅದು ಕಾಣಿಸುತ್ತದೆ.

ಬೆಳಕು ಮಸುಕಾಗುತ್ತಿತ್ತು. ಗೆಳೆಯರ ಹದಿನಾಲ್ಕರ ಮಗಳು ಫೋನಿನ ದೀಪ ಹಿಡಿದು ಕಲ್ಲಿನ ಕಾರ್ನಿಷ್ ಸಾಲನ್ನು ತಡವರಿಸುತ್ತ ಗಟ್ಟಿಯಾಗಿ ಓದಿದಳು. ‘ತಾಸ್’ ಎಂದರೆ ಅಪ್ಪ, ‘ಮಾಮ್’ ಎಂದರೆ ಅಮ್ಮ ಎಂದು ತಾನೇ ಊಹಿಸಿ ಹಿಗ್ಗಿದಳು. ‘ಹೊತ್ತಾಯಿತು, ನಡಿಯಮ್ಮ’ ಎಂದು ಅವಳ ತಾಯಿ ಕರೆದರು. ‘ಕಮಿಂಗ್’ ಎಂದಳು.